ತೋಳ ಬಂದಿದ್ದಕ್ಕೆ ನದಿ ದಾರಿ ಬದಲಿಸಿತಾ? ಯೆಲ್ಲೋಸ್ಟೋನ್ ಬಗ್ಗೆ ಹೊಸ ಪೇಪರ್‌ಗಳು

ಕಾಡುಹಾದಿ:
ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಪಾರ್ಕಿನ ತೋಳಗಳ ವಿಡಿಯೋ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ತೋಳ ಬಂತು, ಎಲ್ಕ್ ಹೆದರಿತು, ವಿಲ್ಲೋ ಗಿಡ ಚಿಗುರಿತು, ಬೀವರ್ ವಾಪಸ್ ಬಂತು, ಕೊನೆಗೆ ನದಿಯೇ ದಾರಿ ಬದಲಿಸಿತು. ಐದು ನಿಮಿಷದೊಳಗೆ ಒಂದು ಕಾಡು ಪೂರ್ತಿ ರಿಪೇರಿ. ಕೇಳೋಕೆ ಚೆನ್ನಾಗಿದೆ. ಆದರೆ 2024 ಮತ್ತು 2025ರಲ್ಲಿ ಬಂದ ಸಂಶೋಧನಾ ಪೇಪರ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಇದನ್ನು ಹೀಗೇ ಹೇಳಿಕೊಂಡು ಹೋಗೋದು ಕಷ್ಟ ಅನ್ನಿಸುತ್ತದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಎಲ್ಕ್ ಅಂದರೆ ಕಡವೆಯ ಬಳಗದ ದೊಡ್ಡ ಜಿಂಕೆ. ವಿಲ್ಲೋ ಅಂದರೆ ಹೊಳೆದಂಡೆಯಲ್ಲಿ ಬೆಳೆಯೋ ಪೊದೆಗಿಡ. ಬೀವರ್ ಅಂದರೆ ಕೊಂಬೆ ಕಡಿದು ಹೊಳೆಗೆ ಕಟ್ಟೆ ಕಟ್ಟೋ ಪ್ರಾಣಿ. ಅಲ್ಲಿನ ಕೊನೆಯ ತೋಳಗಳನ್ನು 1926ರಲ್ಲಿ ಕೊಂದು ಮುಗಿಸಿದರು, ಅದೂ ಸರ್ಕಾರದ ಕಾರ್ಯಕ್ರಮದ ಭಾಗವಾಗಿ. ಮುಂದಿನ 70 ವರ್ಷ ತೋಳ ಇಲ್ಲ. 1995 ಮತ್ತು 1996ರಲ್ಲಿ ಕೆನಡಾದಿಂದ ಒಟ್ಟು 31 ತೋಳ ತಂದು ಬಿಟ್ಟರು. 1994ರಲ್ಲಿ ಪಾರ್ಕಿನ ಉತ್ತರ ಭಾಗದಲ್ಲಿ ಸುಮಾರು 19,000 ಎಲ್ಕ್ ಎಣಿಕೆಗೆ ಸಿಕ್ಕಿದ್ದವು, 2013ರ ಹೊತ್ತಿಗೆ 4,000ಕ್ಕಿಂತ ಕಮ್ಮಿ. ಇಲ್ಲಿವರೆಗೆ ಯಾರದ್ದೂ ತಕರಾರಿಲ್ಲ. ಜಗಳ ಇರೋದು ಆಮೇಲಿನದ್ದಕ್ಕೆ: ಎಲ್ಕ್ ಕಮ್ಮಿಯಾದ ಮೇಲೆ ಗಿಡಕ್ಕೆ ಏನಾಯ್ತು, ಹೊಳೆಗೆ ಏನಾಯ್ತು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ತೋಳವನ್ನು ತೆಗೆದಿದ್ದು ಆ ನೆಲವನ್ನು ಹಾಳು ಮಾಡಿತು. ತೋಳವನ್ನು ವಾಪಸ್ ತಂದಿದ್ದು ಆ ನೆಲವನ್ನು ಸರಿ ಮಾಡಲಿಲ್ಲ. ಎರಡೂ ಒಟ್ಟಿಗೆ ನಿಜ ಆಗಬಹುದು.

ತೋಳಪ್ರಿಯ:
ಶುರುವಾಯ್ತು ನೋಡಿ! ಒಂದು ಒಳ್ಳೆ ಸುದ್ದಿ ಇರಬಾರದು, ಅದಕ್ಕೂ ಕಲ್ಲು ಹಾಕಬೇಕು. ಸಾರ್, ನಾನು ಅಲ್ಲಿನ ಹಳೆ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟು ನೋಡಿದ್ದೀನಿ. ಬೋಳು ದಂಡೆ ಇದ್ದ ಜಾಗದಲ್ಲಿ ಆಳೆತ್ತರದ ವಿಲ್ಲೋ ನಿಂತಿದೆ. 2025ರಲ್ಲಿ ರಿಪ್ಪಲ್ ಮತ್ತು ಜೊತೆಗಾರರ ಪೇಪರ್ ಬಂದಿದೆ, 25 ಹೊಳೆದಂಡೆ ಜಾಗಗಳಲ್ಲಿ 2001ರಿಂದ 2020ರೊಳಗೆ ವಿಲ್ಲೋ ಗಿಡಗಳ ಒಟ್ಟು ಗಾತ್ರ ಸುಮಾರು ಶೇ. 1,500 ಹೆಚ್ಚಿದೆ ಅಂತ. ಶೇ. 15 ಅಲ್ಲ, ಶೇ. 1,500. ಇನ್ನೇನು ಬೇಕು?

ಕಾಡುಹಾದಿ:
@ತೋಳಪ್ರಿಯ ಬೇಜಾರಾಗಬೇಡಿ, ಆ ಪೇಪರಿಗೂ ಬರೋಣ. ಮೊದಲು ನನಗೆ ಬಹಳ ಹಿಡಿಸಿದ ಪ್ರಯೋಗದ ಬಗ್ಗೆ ಹೇಳ್ತೀನಿ, ಯಾಕಂದ್ರೆ ಈ ವಿಷಯದಲ್ಲಿ ಬರೀ ನೋಡಿ ಬರೆದಿದ್ದು ಜಾಸ್ತಿ, ಮಾಡಿ ನೋಡಿದ್ದು ಕಮ್ಮಿ.

ಕೊಲೊರಾಡೋ ಸ್ಟೇಟ್ ಯೂನಿವರ್ಸಿಟಿಯ ಹಾಬ್ಸ್, ಕೂಪರ್ ಮತ್ತು ಜೊತೆಗಾರರು 2001ರಲ್ಲಿ ಪಾರ್ಕಿನ ಉತ್ತರ ಭಾಗದ ನಾಲ್ಕು ಸಣ್ಣ ಹೊಳೆಗಳನ್ನು ಆರಿಸಿಕೊಂಡರು. ಪ್ರತಿ ಹೊಳೆಯಲ್ಲೂ ನಾಲ್ಕು ತುಂಡು ಜಾಗ. ಒಂದಕ್ಕೆ ಬೇಲಿ ಮಾತ್ರ. ಒಂದಕ್ಕೆ ಕಟ್ಟೆ ಮಾತ್ರ, ಅಂದರೆ ಬೀವರ್ ಕಟ್ಟಿದ ಹಾಗೆ ಮನುಷ್ಯರೇ ಕಟ್ಟಿದ ಒಡ್ಡು. ಇನ್ನೊಂದಕ್ಕೆ ಎರಡೂ. ಕೊನೆಯದಕ್ಕೆ ಏನೂ ಇಲ್ಲ, ಹಾಗೇ ಬಿಟ್ಟಿದ್ದು. ಬೇಲಿ ಇದ್ದಲ್ಲಿ ಒಂದು ಎಲ್ಕೂ ಒಳಗೆ ಬರೋ ಹಾಗಿಲ್ಲ. ಯಾವ ತೋಳವೂ ಅಷ್ಟು ಚೆನ್ನಾಗಿ ಎಲ್ಕ್‌ಗಳನ್ನು ದೂರ ಇಡಲಾರದು. ಆ ಲೆಕ್ಕದಲ್ಲಿ ವಿಡಿಯೋ ಹೇಳಿದ್ದು ಸರಿಯಾಗಿದ್ದರೆ ಬೇಲಿ ಒಂದೇ ಸಾಕಾಗಬೇಕಿತ್ತು, ಗಿಡ ಎದ್ದು ನಿಲ್ಲಬೇಕಿತ್ತು.

ಸಾಕಾಗಲಿಲ್ಲ. ಬೇಲಿಯೂ ಕಟ್ಟೆಯೂ ಎರಡೂ ಇದ್ದಲ್ಲಿ ವಿಲ್ಲೋ ಚೆನ್ನಾಗಿ ಎದ್ದಿತು. ಏನೂ ಮಾಡದೆ ಬಿಟ್ಟ ಜಾಗಗಳಲ್ಲಿ, ಅಂದರೆ ನಿಜವಾದ ತೋಳ, ನಿಜವಾದ ಎಲ್ಕ್, ನಿಜವಾದ ಹೊಳೆ ಇರುವಲ್ಲಿ, 20 ವರ್ಷ ಆದರೂ ಗಿಡಗಳು ಕುಳ್ಳಗೇ ಉಳಿದವು. ಅವರು ಇಟ್ಟುಕೊಂಡ ಗುರಿ 2 ಮೀಟರ್ ಎತ್ತರ, ಯಾಕಂದ್ರೆ ಅದಕ್ಕಿಂತ ಮೇಲೆ ಹೋದರೆ ತುದಿ ಚಿಗುರು ಎಲ್ಕ್ ಬಾಯಿಗೆ ಸುಲಭಕ್ಕೆ ಎಟುಕುವುದಿಲ್ಲ. ಹತ್ತು ವರ್ಷದ ಫಲಿತಾಂಶ 2013ರಲ್ಲೇ ಬಂದಿತ್ತು, ಇಪ್ಪತ್ತು ವರ್ಷದ್ದು 2024ರಲ್ಲಿ. ಎರಡೂ ಹೆಚ್ಚುಕಮ್ಮಿ ಒಂದೇ ಮಾತು ಹೇಳ್ತವೆ.

ಸುಮ್ನೆಓದುಗ:
20 ವರ್ಷ ಬೇಲಿ ಕಾಯ್ದುಕೊಂಡು ಕೂತವರಿಗೆ ಮೊದಲು ನಮಸ್ಕಾರ. ನಮ್ಮಲ್ಲಿ ಜನ ಮೂರು ವರ್ಷದ ಡೇಟಾದಲ್ಲಿ ಜಗತ್ತನ್ನೇ ಉಳಿಸಿಬಿಡ್ತಾರೆ.

ಕೆರೆಕಟ್ಟೆ:
ನೀರಿನ ಕಡೆಯಿಂದ ನೋಡಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ರೀ. ಎಲ್ಲರೂ ಎಲ್ಕ್, ತೋಳ ಅಂತ ಪ್ರಾಣಿಗಳನ್ನೇ ನೋಡ್ತಾರೆ, ಹೊಳೆ ತಳ ಯಾರೂ ನೋಡಲ್ಲ.

ತೋಳ ಹೋದ ಮೇಲೆ ಆದದ್ದು ಇಷ್ಟು. ಎಲ್ಕ್ ಜಾಸ್ತಿಯಾಗಿ ವಿಲ್ಲೋ ತಿಂದು ಹಾಕಿದವು. ಬೀವರ್‌ಗೆ ತಿನ್ನೋಕೂ ವಿಲ್ಲೋ ಬೇಕು, ಕಟ್ಟೆ ಕಟ್ಟೋಕೂ ವಿಲ್ಲೋ ಬೇಕು. ಅದು ಜಾಗ ಬಿಟ್ಟು ಹೋಯ್ತು. ಕಟ್ಟೆ ನೋಡಿಕೊಳ್ಳೋರು ಇಲ್ಲದ ಮೇಲೆ ಒಡೆದವು. ತಡೆ ಇಲ್ಲದ ನೀರು ರಭಸವಾಗಿ ಹರಿದು ತಳ ಕೊರೆಯಿತು. ಹೊಳೆ ಕೆಳಗಿಳಿದಾಗ ಅಕ್ಕಪಕ್ಕದ ಅಂತರ್ಜಲವೂ ಅದರ ಜೊತೆ ಇಳಿಯುತ್ತದೆ. ಮುಂಚೆ ಬೇರಿನ ಬುಡದಲ್ಲೇ ಇದ್ದ ನೀರು ಈಗ ಬೇರಿಗೆ ಸಿಗಲ್ಲ. ಆ ದಂಡೆ ಈಗ ದಂಡೆ ಅಲ್ಲ, ಒಣ ಹುಲ್ಲುಗಾವಲು.

ಈಗ ತೋಳ ಬಂತು, ಎಲ್ಕ್ ಕಮ್ಮಿಯಾಯ್ತು. ಸರಿ. ಕೊರೆದು ಹೋದ ತಳವನ್ನು ತೋಳ ತುಂಬುತ್ತಾ? ತುಂಬೋದು ಬೀವರ್ ಕಟ್ಟೆ ಹಿಂದೆ ನಿಲ್ಲೋ ಹೂಳು. ಬೀವರ್ ಬರೋಕೆ ಎತ್ತರದ ವಿಲ್ಲೋ ಬೇಕು. ವಿಲ್ಲೋ ಎತ್ತರ ಆಗೋಕೆ ನೀರು ಬೇಕು. ನೀರು ಮೇಲೆ ಬರೋಕೆ ಬೀವರ್ ಬೇಕು. ಸುತ್ತು ಗಟ್ಟಿಯಾಗಿ ಮುಚ್ಚಿಕೊಂಡಿದೆ. ವೂಲ್ಫ್, ಕೂಪರ್, ಹಾಬ್ಸ್ 2007ರಲ್ಲೇ ಇದನ್ನು ಬರೆದಿದ್ದರು: ಆ ಜಾಗ ಇನ್ನೊಂದು ಸ್ಥಿತಿಗೆ ಹೋಗಿ ಅಲ್ಲೇ ನೆಲೆ ನಿಂತಿದೆ ಅಂತ. (ಹೌದು, ಆ ಸಂಶೋಧಕರ ಹೆಸರೇ ವೂಲ್ಫ್. ನಗಬೇಡಿ.)

ವಿಜ್ಞಾನಟೀಚರ್:
ನಾನು ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಆಹಾರ ಸರಪಳಿ ಹೇಳುವಾಗ ಇದೇ ಉದಾಹರಣೆ ಕೊಡ್ತೀನಿ. ಮಕ್ಕಳಿಗೆ ತುಂಬಾ ಇಷ್ಟ ಆಗುತ್ತದೆ, ಪರೀಕ್ಷೆಯಲ್ಲೂ ಚೆನ್ನಾಗಿ ಬರೀತಾರೆ. ಈಗ ಏನು ಹೇಳಬೇಕು? ಪೂರ್ತಿ ಸುಳ್ಳು ಅಂತಾನಾ?

ಇನ್ನೊಂದು, ನೀರು ಮೇಲೆ ಬಂದರೆ ಸಾಕಾ, ಗಿಡ ತಾನಾಗೇ ಹುಟ್ಟುತ್ತಾ?

ಕೆರೆಕಟ್ಟೆ:
@ವಿಜ್ಞಾನಟೀಚರ್ ಮೇಡಂ, ಎರಡನೇದಕ್ಕೆ ನಾನು ಹೇಳ್ತೀನಿ. ಇರೋ ಗಿಡ ದೊಡ್ಡದಾಗೋದು ಒಂದು, ಹೊಸ ಗಿಡ ಹುಟ್ಟೋದು ಇನ್ನೊಂದು. ವಿಲ್ಲೋ ಬೀಜ ಬಹಳ ಸಣ್ಣದು, ಹತ್ತಿ ಎಳೆಯಂಥ ನೂಲು ಕಟ್ಟಿಕೊಂಡು ಗಾಳಿಯಲ್ಲಿ ಹಾರುತ್ತದೆ. ಒಳಗೆ ಕೂಡಿಟ್ಟ ಆಹಾರ ಅಂತ ಹೆಚ್ಚೇನೂ ಇಲ್ಲ, ಹಾಗಾಗಿ ಬಿದ್ದ ಕೆಲವೇ ದಿನದಲ್ಲಿ ಮೊಳಕೆ ಬರಬೇಕು, ಇಲ್ಲ ಅಂದ್ರೆ ಮುಗೀತು. ಹುಲ್ಲಿನ ಮೇಲೆ ಬಿದ್ದರೆ ಪ್ರಯೋಜನ ಇಲ್ಲ. ಅದಕ್ಕೆ ಬೇಕಾದ್ದು ಬೋಳಾದ, ಒದ್ದೆ, ಬಿಸಿಲು ಬೀಳೋ ಮಣ್ಣು. ಅಂಥ ಮಣ್ಣು ಸಿಗೋದು ಪ್ರವಾಹ ಇಳಿದ ಮೇಲೆ ದಂಡೆಯಲ್ಲಿ, ಇಲ್ಲ ಅಂದರೆ ಹಳೇ ಬೀವರ್ ಕೊಳ ಬತ್ತಿ ಹೂಳು ಮೇಲೆ ಕಾಣಿಸಿಕೊಂಡಾಗ. ಆಮೇಲೆ ಆ ಸಸಿಯ ಬೇರು ಕೆಳಗಿಳಿಯೋ ವೇಗಕ್ಕಿಂತ ನೀರು ಕೆಳಗಿಳಿಯೋ ವೇಗ ಜಾಸ್ತಿ ಇರಬಾರದು. ಇದ್ದರೆ ಒಂದೇ ಬೇಸಿಗೆಯಲ್ಲಿ ಸಸಿ ಒಣಗುತ್ತದೆ. ತಳ ಕೊರೆದ ಹೊಳೆಯಲ್ಲಿ ಇಷ್ಟೆಲ್ಲ ಕೂಡಿ ಬರೋದು ಅಪರೂಪ, ಎಲ್ಕ್ ಒಂದೂ ಇಲ್ಲದಿದ್ದರೂ ಅಷ್ಟೇ.

ತೋಳಪ್ರಿಯ:
ಹಾಗಾದ್ರೆ ಬೀವರ್ ಬಂದಿದ್ದು ಹೇಗೆ? ತೋಳ ಬಂದಾಗ ಉತ್ತರ ಭಾಗದಲ್ಲಿ ಒಂದೇ ಒಂದು ಬೀವರ್ ವಸಾಹತು ಇತ್ತು, ಆಮೇಲೆ ಎಷ್ಟೋ ಆದವು. ಇದು ತೋಳದ ಕೆಲಸ ಅಲ್ವಾ?

ಕಾಡುಹಾದಿ:
ಈ ಭಾಗ ವಿಡಿಯೋದಲ್ಲಿ ಬರೋದೇ ಇಲ್ಲ. ಪಾರ್ಕಿನ ಉತ್ತರ ಗಡಿಯಾಚೆ, ರಾಷ್ಟ್ರೀಯ ಅರಣ್ಯದ ಹೊಳೆಗಳಲ್ಲಿ, ಅಮೆರಿಕದ ಅರಣ್ಯ ಇಲಾಖೆಯವರು 1986ರಿಂದ 1999ರವರೆಗೆ 129 ಬೀವರ್ ತಂದು ಬಿಟ್ಟಿದ್ದರು. ತೋಳಕ್ಕೂ ಅದಕ್ಕೂ ಸಂಬಂಧ ಇಲ್ಲ, ಶುರುವಾಗಿದ್ದು ತೋಳ ಬರೋದಕ್ಕೆ ಒಂಬತ್ತು ವರ್ಷ ಮುಂಚೆ. ಅವು ಹೊಳೆ ಹಿಡಿದು ಕೆಳಗೆ ಪಾರ್ಕಿನೊಳಕ್ಕೂ ಬಂದವು. ಬಂದ ಮೇಲೆ ನಿಂತವಲ್ಲ, ಅದಕ್ಕೆ ಅಲ್ಲಲ್ಲಿ ಬೆಳೆದ ವಿಲ್ಲೋ ಸಹಾಯ ಮಾಡಿರಬಹುದು, ಅದರಲ್ಲಿ ತೋಳದ ಪಾಲೂ ಇರಬಹುದು. ಆದರೆ ಬೀವರ್ ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರ ತೋಳ ಅಲ್ಲ, ಲಾರಿ.

ಸುಮ್ನೆಓದುಗ:
"ಲಾರಿಗಳು ನದಿ ಬದಲಿಸಿದ ಕಥೆ" ಅಂತ ವಿಡಿಯೋ ಮಾಡಿದ್ರೆ ನಾಲ್ಕು ಜನ ನೋಡಲ್ಲ ಬಿಡಿ.

ಲೆಕ್ಕದಮೇಷ್ಟ್ರು:
ಆ ಶೇ. 1,500ಕ್ಕೆ ಬರೋಣ. ತೋಳಪ್ರಿಯ ಅವರೇ, ನಿಮ್ಮ ಮೇಲೆ ಕೋಪ ಇಲ್ಲ, ಆ ನಂಬರ್ ಮೇಲೆ ಇದೆ.

ಮೊದಲು ಗಣಿತ. ಗಾತ್ರ ಅಂದರೆ ಉದ್ದ, ಅಗಲ, ಎತ್ತರ ಮೂರೂ ಸೇರುತ್ತದೆ. ಒಂದು ಪೊದೆಯ ಎತ್ತರ ಎರಡೂವರೆ ಪಟ್ಟಾಯ್ತು, ಅಗಲವೂ ಎರಡೂ ಕಡೆ ಅಷ್ಟೇ ಹಿಗ್ಗಿತು ಅಂದುಕೊಳ್ಳಿ. ಎರಡೂವರೆಯನ್ನು ಮೂರು ಸಲ ಗುಣಿಸಿ. 15 ದಾಟುತ್ತದೆ. ಅಂದರೆ ಮೊಣಕಾಲೆತ್ತರದ ಗಿಡ ಸೊಂಟ ದಾಟಿ ಬೆಳೆದರೂ ನಿಮ್ಮ ಪೇಪರಿನಲ್ಲಿ ಶೇ. 1,400ರ ಮೇಲೆ ಏರಿಕೆ ಅಂತ ಬರುತ್ತದೆ. ಲೆಕ್ಕ ತಪ್ಪಲ್ಲ. ಆದರೆ ಅದು ಇನ್ನೂ ಎಲ್ಕ್ ಬಾಯಿಗೆ ಸಿಗೋ ಗಿಡವೇ. ಹಾಬ್ಸ್ ತಂಡ 2 ಮೀಟರ್ ದಾಟಿತಾ ಇಲ್ವಾ ಅಂತ ಕೇಳಿತು. ಇವರು ಎಷ್ಟು ಪಟ್ಟು ಉಬ್ಬಿತು ಅಂತ ಕೇಳಿದರು. ಎರಡು ಬೇರೆ ಪ್ರಶ್ನೆ.

ಎರಡನೇದು ಇನ್ನೂ ದೊಡ್ಡ ತೊಡಕು. ಯೂಟಾ ಸ್ಟೇಟ್ ಯೂನಿವರ್ಸಿಟಿಯ ಮ್ಯಾಕ್‌ನಲ್ಟಿ ಮತ್ತು ಜೊತೆಗಾರರು 2025ರಲ್ಲೇ ಆ ಪೇಪರಿಗೆ ಆಕ್ಷೇಪ ಬರೆದರು. ಅವರು ಎತ್ತಿ ತೋರಿಸಿದ ಮುಖ್ಯ ವಿಷಯ: ಅಲ್ಲಿ ಗಿಡದ ಗಾತ್ರವನ್ನು ನೇರವಾಗಿ ಅಳೆದಿಲ್ಲ. ಎತ್ತರ ಅಳೆದು, ಎತ್ತರದಿಂದ ಸೂತ್ರ ಹಾಕಿ ಗಾತ್ರ ಲೆಕ್ಕ ಮಾಡಿದ್ದಾರೆ. ಆಮೇಲೆ ಗಾತ್ರಕ್ಕೂ ಎತ್ತರಕ್ಕೂ ಗಟ್ಟಿ ಸಂಬಂಧ ಇದೆ ಅಂತ ತೋರಿಸಿದ್ದಾರೆ. ಇರಲೇಬೇಕಲ್ವಾ ಮತ್ತೆ, ಒಂದರಿಂದಲೇ ಇನ್ನೊಂದು ಬಂದಿದ್ದು! ಜೊತೆಗೆ ಬೇರೆ ಬೇರೆ ವರ್ಷ ಅಳೆದ ಜಾಗಗಳು ಒಂದೇ ಅಲ್ಲ. ಪಕ್ಕಪಕ್ಕ ಇಟ್ಟ ಫೋಟೋಗಳೂ ಆಯ್ದು ತೆಗೆದವು, ಇಡೀ ಭಾಗದ ಪ್ರತಿನಿಧಿ ಅಲ್ಲ. ಒಂದು ಜಾಗದಲ್ಲಿ ವಿಲ್ಲೋ ಬೆಳೆದಿದೆ ಅನ್ನೋದಕ್ಕೆ ಫೋಟೋ ಸಾಕು. ಎಲ್ಲ ಕಡೆ ಬೆಳೆದಿದೆ ಅನ್ನೋದಕ್ಕೆ ಸಾಲದು.

ಇದು ಹೊಸ ಕಾಯಿಲೆಯೂ ಅಲ್ಲ. ಬ್ರೈಸ್, ಮ್ಯಾಕ್‌ನಲ್ಟಿ, ಲಾರ್ಸೆನ್ 2022ರಲ್ಲಿ ಆಸ್ಪೆನ್ ಮರಗಳ ಬಗ್ಗೆ ಬರೆದರು. ಅಲ್ಲಿವರೆಗೆ ಬಹಳ ಜನ ಪ್ರತಿ ಆಸ್ಪೆನ್ ತೋಪಿನಲ್ಲಿ ಅತಿ ಎತ್ತರದ ಐದು ಎಳೆ ಕಾಂಡಗಳನ್ನು ಅಳೆದು "ಚೇತರಿಕೆ" ಅಂತ ಹೇಳ್ತಿದ್ದರು. ಇವರು ಅದೇ ತೋಪುಗಳಲ್ಲಿ ಯಾವುದನ್ನೂ ಆರಿಸದೆ ಚೀಟಿ ಎತ್ತಿದ ಹಾಗೆ ಸ್ಯಾಂಪಲ್ ತೆಗೆದು ಅಳೆದರು. ಎತ್ತರದವನ್ನೇ ಅಳೆದಾಗ ಚೇತರಿಕೆ 4ರಿಂದ 7 ಪಟ್ಟು ಉಬ್ಬಿ ಕಂಡಿತ್ತು.

ವಿಜ್ಞಾನಟೀಚರ್:
ಕ್ಲಾಸಿನ ಮೊದಲ ಐದು ಮಕ್ಕಳ ಮಾರ್ಕ್ಸ್ ಹೇಳಿ "ನಮ್ಮ ಶಾಲೆ ಫಲಿತಾಂಶ ಇಷ್ಟು" ಅನ್ನೋ ಹಾಗೆ. ಇದು ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತದೆ, ಥ್ಯಾಂಕ್ಸ್ ಮೇಷ್ಟ್ರೇ.

ತೋಳಪ್ರಿಯ:
ಸರಿ, ಮೇಷ್ಟ್ರು ಹೇಳಿದ ಗಾತ್ರದ ವಿಷಯ ಒಪ್ಪೋಣ. ಆದರೆ ಆಸ್ಪೆನ್ ಬಗ್ಗೆ 2025ರಲ್ಲಿ ಇನ್ನೊಂದು ಪೇಪರ್ ಬಂದಿದೆ, ಒರೆಗಾನ್ ಸ್ಟೇಟ್‌ನ ಪೇಂಟರ್ ಮತ್ತು ಜೊತೆಗಾರರದ್ದು. 87 ತೋಪು ನೋಡಿದ್ದಾರೆ. ಮೂರನೇ ಒಂದು ಭಾಗದಲ್ಲಿ ಎಲ್ಲ ಕಡೆ ಎತ್ತರದ ಎಳೆ ಮರಗಳಿವೆ. ಇನ್ನೊಂದು ಮೂರನೇ ಭಾಗದಲ್ಲಿ ಅಲ್ಲಲ್ಲಿ ಗುಂಪು ಗುಂಪಾಗಿವೆ. 80 ವರ್ಷದಲ್ಲಿ ಮೊದಲ ಸಲ ಹೊಸ ತಲೆಮಾರಿನ ಆಸ್ಪೆನ್ ಮೇಲೇರಿ ನಿಂತಿದೆ ಅಂತ ಬರೆದಿದ್ದಾರೆ. ಇದಕ್ಕೇನಂತೀರಿ? ತೋಳ ಇಲ್ಲದಿದ್ದಾಗ ಇಷ್ಟೂ ಇರಲಿಲ್ಲ. ಸೊನ್ನೆ.

ಕಾಡುಹಾದಿ:
ಇದನ್ನು ನಾನು ಒಪ್ತೀನಿ, ಪೂರ್ತಿಯಾಗಿ. ಆಸ್ಪೆನ್‌ಗೂ ವಿಲ್ಲೋಗೂ ವ್ಯತ್ಯಾಸ ಇದೆ. ಆಸ್ಪೆನ್ ಹಳೇ ಬೇರಿನಿಂದಲೇ ಹೊಸ ಕಾಂಡ ಚಿಮ್ಮಿಸುತ್ತದೆ, ಬುಡ ಜೀವಂತ ಇದ್ದರೆ ಸಾಕು, ತಿನ್ನೋ ಬಾಯಿ ಕಮ್ಮಿಯಾದ ತಕ್ಷಣ ಎದ್ದೇಳಬಹುದು. ಅದಕ್ಕೆ ಹೊಳೆ ತಳದ ಹಂಗು ಅಷ್ಟಿಲ್ಲ. ವಿಲ್ಲೋಗೆ ಎಲ್ಕ್ ಜೊತೆ ನೀರಿನ ಕಾಟವೂ ಇದೆ. ಒಂದೇ ಪಾರ್ಕು, ಒಂದೇ ತೋಳ, ಎರಡು ಗಿಡಕ್ಕೆ ಎರಡು ಫಲ. ಮೂರರಲ್ಲಿ ಒಂದು ಭಾಗ ಆಸ್ಪೆನ್ ತೋಪು ಇನ್ನೂ ಎದ್ದಿಲ್ಲ ಅನ್ನೋದೂ ಅದೇ ಪೇಪರಿನಲ್ಲಿದೆ.

ಆದರೆ "ತೋಳ" ಅಂತ ಒಂದೇ ಹೆಸರು ಬರೆಯೋದಕ್ಕೆ ನನ್ನ ತಕರಾರು ಹಾಗೇ ಇದೆ. ಅದೇ ಕಾಲದಲ್ಲಿ ಬೇರೆ ಏನೇನಾಯ್ತು ನೋಡಿ. ಗ್ರಿಜ್ಲಿ ಕರಡಿಗಳು 1975ರಲ್ಲಿ ಯೆಲ್ಲೋಸ್ಟೋನ್ ಮತ್ತು ಸುತ್ತಲಿನ ಇಡೀ ಪ್ರದೇಶ ಸೇರಿ ಸುಮಾರು 136 ಇದ್ದವು, ಈಗ ಸಾವಿರದ ಆಸುಪಾಸು. ಎಲ್ಕ್ ಮರಿಗಳಿಗೆ ರೇಡಿಯೋ ಟ್ಯಾಗ್ ಹಾಕಿ 2003ರಿಂದ 2005ರವರೆಗೆ ನೋಡಿದಾಗ ಸತ್ತ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೊಂದಿದ್ದು ಕರಡಿ, ತೋಳ ಅಲ್ಲ. ಕೂಗರ್ ಅನ್ನೋ ದೊಡ್ಡ ಕಾಡುಬೆಕ್ಕುಗಳು ತಾವಾಗೇ ವಾಪಸ್ ಬಂದವು. ಎಲ್ಕ್ ಚಳಿಗಾಲಕ್ಕೆ ಪಾರ್ಕ್ ದಾಟಿ ಉತ್ತರಕ್ಕೆ ಹೋದಾಗ ಅಲ್ಲಿ ಬಂದೂಕು ಕಾಯ್ತಿತ್ತು, ಬಸುರಿ ಎಲ್ಕ್‌ಗಳನ್ನೂ ಹೊಡೆಯೋಕೆ ಪರವಾನಗಿ ಇತ್ತು. 1996-97ರ ಚಳಿಗಾಲ ಭಯಂಕರ ಇತ್ತು. ಆಮೇಲೆ ಬರಗಾಲ. ಇವೆಲ್ಲ ಸೇರಿ 19,000 ಇಳಿದು 4,000 ಆಗಿದ್ದು.

ಲೆಕ್ಕದಮೇಷ್ಟ್ರು:
1988ರ ಬೆಂಕಿಯನ್ನೂ ಸೇರಿಸಿ. ಪಾರ್ಕಿನ ಮೂರರಲ್ಲಿ ಒಂದಂಶಕ್ಕಿಂತ ಹೆಚ್ಚು ಜಾಗಕ್ಕೆ ಬೆಂಕಿ ತಗುಲಿತ್ತು. ಬೆಂಕಿ ಆದ ಮೇಲೆ ಆಸ್ಪೆನ್ ಚಿಗುರೋದು ಗೊತ್ತಿರೋ ವಿಷಯ. ಇಷ್ಟೊಂದು ಬದಲಾವಣೆ ಒಂದೇ ಹತ್ತಿಪ್ಪತ್ತು ವರ್ಷದಲ್ಲಿ ಒಟ್ಟಿಗೆ ಬಂದು ಬಿದ್ದಾಗ, ತೋಳ ಬಿಡದೆ ಇದ್ದ ಎರಡನೇ ಯೆಲ್ಲೋಸ್ಟೋನ್ ಒಂದು ಪಕ್ಕದಲ್ಲಿ ಇದ್ದಿದ್ದರೆ ಹೋಲಿಸಬಹುದಿತ್ತು. ಇಲ್ಲ. ಇರೋದು ಒಂದೇ. ಅದಕ್ಕೇ ಆ ನಾಲ್ಕು ಹೊಳೆಯ ಪ್ರಯೋಗಕ್ಕೆ ಬೆಲೆ.

ಹೊಸಬ_ಪ್ರಶ್ನೆ:
ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ಎಣಿಕೆ ಬಿಡಿ, "ಹೆದರಿಕೆ" ಅಂತ ಹೇಳ್ತಾರಲ್ಲ, ಎಲ್ಕ್ ತೋಳಕ್ಕೆ ಹೆದರಿ ಕಣಿವೆಗೆ ಇಳಿಯೋದೇ ಬಿಟ್ಟವು, ಹಾಗಾಗಿ ಅಲ್ಲಿ ಗಿಡ ಬೆಳೀತು ಅಂತ. ಅದಾದ್ರೂ ನಿಜಾನಾ?

ಕಾಡುಹಾದಿ:
ಒಳ್ಳೆ ಪ್ರಶ್ನೆ. ಆ ಭಾಗವೇ ಎಲ್ಲಕ್ಕಿಂತ ಸಡಿಲ. ಕಾಫ್‌ಮನ್ ತಂಡ 2010ರಲ್ಲಿ ಆಸ್ಪೆನ್ ಮೇಲೆ ಇದನ್ನೇ ಪರೀಕ್ಷಿಸಿತು. ತೋಳದ ಅಪಾಯ ಜಾಸ್ತಿ ಇರುವ ಜಾಗಗಳಲ್ಲಿ ಎಲ್ಕ್ ಕಮ್ಮಿ ತಿಂದಿರಬೇಕಿತ್ತು, ಅಲ್ವಾ? ಅಂಥ ವ್ಯತ್ಯಾಸ ಸಿಗಲಿಲ್ಲ.

ಯಾಕೆ ಅನ್ನೋದಕ್ಕೆ 2018ರಲ್ಲಿ ಕೋಲ್ ಮತ್ತು ಜೊತೆಗಾರರು ಉತ್ತರ ಕೊಟ್ಟರು. ಜಿಪಿಎಸ್ ಕಾಲರ್ ಹಾಕಿದ ಎಲ್ಕ್‌ಗಳ ಓಡಾಟವನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ನೋಡಿದರು. ತೋಳ ಜಾಸ್ತಿ ಓಡಾಡೋದು ಬೆಳಗಿನ ಜಾವ ಮತ್ತು ಸಂಜೆ. ಆ ಹೊತ್ತಿನಲ್ಲಿ ಎಲ್ಕ್ ಅಪಾಯದ ಜಾಗ ಬಿಟ್ಟು ದೂರ ಇರ್ತವೆ. ತೋಳ ಮಲಗಿದ ಹೊತ್ತಿನಲ್ಲಿ ಅದೇ ಜಾಗಕ್ಕೆ ಬಂದು ಆರಾಮಾಗಿ ಮೇಯ್ತವೆ. ಹೆದರಿಕೆ ಇದೆ, ಆದರೆ ಅದಕ್ಕೂ ಟೈಮ್‌ಟೇಬಲ್ ಇದೆ. ಬೆಳಿಗ್ಗೆ ಏಳಕ್ಕೆ ಉಳಿದ ಚಿಗುರು ರಾತ್ರಿ ಹತ್ತಕ್ಕೆ ಹೋಗುತ್ತದೆ, ಗಿಡಕ್ಕೆ ಏನು ಲಾಭ?

ಸುಮ್ನೆಓದುಗ:
ಎಲ್ಕ್‌ಗಳಿಗೆ ಇಷ್ಟು ಬುದ್ಧಿ ಇದೆ ಅಂತ ಯಾರಿಗೆ ಗೊತ್ತಿತ್ತು ಗುರೂ. ಆ ವಿಡಿಯೋದಲ್ಲಿ ಸುಮ್ನೆ ಓಡಿ ಹೋಗ್ತಾವೆ.

ತೋಳಪ್ರಿಯ:
ಆಯ್ತಪ್ಪ, ಎಲ್ಲರೂ ಸೇರಿ ತೋಳವನ್ನು ನಿರಪರಾಧಿ ಮಾಡಿಬಿಟ್ಟಿರಿ, ಏನೂ ಮಾಡಿಲ್ಲ ಅಂತ. ಆದರೆ ಇದರ ಪರಿಣಾಮ ಯೋಚನೆ ಮಾಡಿದ್ದೀರಾ? ತೋಳ ಬೇಡ ಅನ್ನೋರ ಕೈಗೆ ನೀವೇ ಕೋಲು ಕೊಟ್ಟ ಹಾಗಾಯ್ತು. "ನೋಡಿ, ತೋಳ ಬಂದರೂ ಉಪಯೋಗ ಇಲ್ಲ" ಅಂತ ನಾಳೆ ಹೇಳ್ತಾರೆ. ನನಗೆ ಸಿಟ್ಟು ಬರೋದು ಅದಕ್ಕೆ.

ಕೆರೆಕಟ್ಟೆ:
@ತೋಳಪ್ರಿಯ ಆ ಭಯ ಅರ್ಥ ಆಗುತ್ತೆ. ಆದರೆ ಪೇಪರಿನಲ್ಲಿ ಇರೋದು ಅದರ ಉಲ್ಟಾ. ತೋಳ ತೆಗೆದಿದ್ದಕ್ಕೆ ಆದ ಹಾನಿ ಎಷ್ಟು ದೊಡ್ಡದು ಅಂದರೆ ತೋಳ ವಾಪಸ್ ಬಂದರೂ 20 ವರ್ಷದಲ್ಲಿ ಸರಿ ಹೋಗಿಲ್ಲ. ಇದನ್ನು ಓದಿದವರಿಗೆ ಬರಬೇಕಾದ ಯೋಚನೆ, ಇನ್ನೂ ತೋಳ, ಹುಲಿ, ಕರಡಿ ಉಳಿದಿರುವ ಕಡೆ ಅವನ್ನು ಕಳಕೊಳ್ಳಬಾರದು ಅನ್ನೋದು. "ಆಮೇಲೆ ತಂದು ಬಿಟ್ಟರಾಯ್ತು" ಅನ್ನೋ ಧೈರ್ಯ ಕೊಡೋದು ಯಾವುದು ಹೇಳಿ, ಈ ಪೇಪರಾ, ಆ ವಿಡಿಯೋನಾ?

ಇನ್ನೊಂದು ಸಣ್ಣ ಮಾತು, ನದಿ ದಾರಿ ಬದಲಿಸಿದ್ದರ ಬಗ್ಗೆ. 2022ರ ಜೂನ್‌ನಲ್ಲಿ ಹಿಮದ ಮೇಲೆ ಮಳೆ ಸುರಿದು ಆ ಭಾಗದಲ್ಲಿ ಪ್ರವಾಹ ಬಂತಲ್ಲ. ಪಾರ್ಕಿನ ಉತ್ತರ ಬಾಗಿಲಿನ ರಸ್ತೆಯನ್ನೇ ಹೊಳೆ ಎತ್ತಿಕೊಂಡು ಹೋಯ್ತು. ಕಾರ್ವಿನ್ ಸ್ಪ್ರಿಂಗ್ಸ್ ಅಳತೆ ಕೇಂದ್ರದಲ್ಲಿ ಯೆಲ್ಲೋಸ್ಟೋನ್ ನದಿ 13.88 ಅಡಿಗೆ ಏರಿತು. ಅದಕ್ಕೂ ಹಿಂದಿನ ದಾಖಲೆ 1918ರದ್ದು, 11.5 ಅಡಿ. ಅಂಥ ಬೆಟ್ಟದ ನದಿಗಳ ದಾರಿಯನ್ನು ಒಂದೆರಡು ದಿನದ ಇಂಥ ನೀರು ಬದಲಿಸುತ್ತದೆ. ದಂಡೆಯ ಬೇರುಗಳು ಅದನ್ನು ಸ್ವಲ್ಪ ತಡೆಯಬಹುದು, ಸಣ್ಣ ಹೊಳೆಯಲ್ಲಿ ಜಾಸ್ತಿ ತಡೆಯಬಹುದು. ಅಷ್ಟೇ.

ವಿಜ್ಞಾನಟೀಚರ್:
ಹಾಗಿದ್ರೆ ಬೇಟೆಯಾಡೋ ಪ್ರಾಣಿ ಬಂದು ನಿಜವಾಗಲೂ ದಂಡೆ ಉಳಿದ ಉದಾಹರಣೆ ಎಲ್ಲಾದರೂ ಇದೆಯಾ? ಪಾಠಕ್ಕೆ ಒಂದು ಬೇಕು.

ಲೆಕ್ಕದಮೇಷ್ಟ್ರು:
ಇದೆ ಮೇಡಂ, ಅದೂ ಪ್ರಯೋಗ ಮಾಡಿ ತೋರಿಸಿದ್ದು. ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ ಅನ್ನೋ ಅಳಿವೆ. (ಹೆಸರಲ್ಲಿ ಎಲ್ಕ್ ಇದೆ ಅಂತ ಗಾಬರಿ ಬೇಡ, ಇಲ್ಲಿ ಎಲ್ಕ್ ಇಲ್ಲ.) ಅಲ್ಲಿಗೆ ಸಮುದ್ರದ ನೀರುನಾಯಿಗಳು ವಾಪಸ್ ಬಂದವು. ಅಲ್ಲಿನ ಉಪ್ಪುಜೌಗಿನ ದಂಡೆಯಲ್ಲಿ ಸಣ್ಣ ಏಡಿಗಳು ಬಿಲ ಕೊರೀತವೆ, ಗಿಡದ ಬೇರು ತಿಂತವೆ, ದಂಡೆ ಕುಸಿದು ನೀರಿಗೆ ಬೀಳುತ್ತದೆ. ನೀರುನಾಯಿ ಏಡಿ ತಿನ್ನುತ್ತದೆ. ಹ್ಯೂಸ್ ಮತ್ತು ಜೊತೆಗಾರರು ದಂಡೆಯ ಕೆಲವು ಭಾಗಕ್ಕೆ ನೀರುನಾಯಿ ಬರದ ಹಾಗೆ ಪಂಜರ ಹಾಕಿದರು, ಕೆಲವು ಭಾಗ ತೆರೆದು ಬಿಟ್ಟರು, ಮೂರು ವರ್ಷ ನೋಡಿದರು. 2024ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ನೀರುನಾಯಿ ಜಾಸ್ತಿ ಇದ್ದಲ್ಲಿ ದಂಡೆ ಕೊರೆತ ವರ್ಷಕ್ಕೆ ಸುಮಾರು 30 ಸೆಂ.ಮೀ. ಇದ್ದದ್ದು ಸುಮಾರು 10 ಸೆಂ.ಮೀ.ಗೆ ಇಳಿದಿತ್ತು.

ನೋಡಿ, ಕೊರೆತ ನಿಲ್ಲಲಿಲ್ಲ, ನಿಧಾನವಾಯ್ತು. ಕಳೆದುಹೋದ ದಂಡೆ ವಾಪಸ್ ಬರಲಿಲ್ಲ. ಉಳಿದಿದ್ದು ಉಳೀತು. ಇದನ್ನು ಧೈರ್ಯವಾಗಿ ಪಾಠ ಮಾಡಬಹುದು.

ಕಾಡುಹಾದಿ:
ಸರಿಯಾದ ಉದಾಹರಣೆ. ಅಲ್ಲಿ ಗಿಡ ಇನ್ನೂ ಇತ್ತು, ದಂಡೆ ಇನ್ನೂ ಇತ್ತು, ತಿನ್ನೋ ಏಡಿ ಮಾತ್ರ ಜಾಸ್ತಿಯಾಗಿತ್ತು. ನೀರುನಾಯಿ ಬರೋ ಹೊತ್ತಿಗೆ ಕಾಪಾಡೋಕೆ ಏನಾದರೂ ಉಳಿದಿತ್ತು. ಯೆಲ್ಲೋಸ್ಟೋನ್ ಹೊಳೆಗಳಲ್ಲಿ ತೋಳ ಬರೋ ಹೊತ್ತಿಗೆ ನೀರೇ ಜಾಗ ಖಾಲಿ ಮಾಡಿತ್ತು.

ಹೊಸಬ_ಪ್ರಶ್ನೆ:
ಮತ್ತೆ ಅಲ್ಲಿ ಮಾಡೋದೇನು? ಎಲ್ಲ ಕಡೆ ಬೇಲಿ ಹಾಕೋಕಾಗಲ್ಲವಲ್ಲ, ಸುಮಾರು 9,000 ಚದರ ಕಿ.ಮೀ. ಪಾರ್ಕು ಅದು.

ಕೆರೆಕಟ್ಟೆ:
ಬೇಲಿ ಆಗಲ್ಲ, ಕಟ್ಟೆ ಆಗುತ್ತೆ. ಪಶ್ಚಿಮ ಅಮೆರಿಕದಲ್ಲಿ ಇದು ಈಗ ಬಹಳ ಕಡೆ ನಡೀತಿದೆ. ಕೆಲಸ ಸರಳ: ಹೊಳೆಗೆ ಅಡ್ಡಲಾಗಿ ಮರದ ಗೂಟ ಸಾಲಾಗಿ ಹೊಡೀತಾರೆ, ನಡುವೆ ವಿಲ್ಲೋ ಕೊಂಬೆ ಹೆಣೀತಾರೆ, ಬುಡಕ್ಕೆ ಮಣ್ಣು, ಕಲ್ಲು, ಹುಲ್ಲು ತುಂಬ್ತಾರೆ. ನೀರು ಪೂರ್ತಿ ನಿಲ್ಲಲ್ಲ, ಸೋರಿಕೊಂಡು ಹೋಗುತ್ತೆ. ಹೂಳು ಮಾತ್ರ ಹಿಂದೆ ಕೂರುತ್ತೆ, ತಳ ಮೇಲೇಳುತ್ತೆ, ಪಕ್ಕದ ನೆಲ ನೆನೆಯುತ್ತೆ. ಕಾಂಕ್ರೀಟ್ ಇಲ್ಲ, ದೊಡ್ಡ ಯಂತ್ರ ಇಲ್ಲ. ಒಂದು ಮಳೆಗಾಲಕ್ಕೆ ಒಡೆದರೂ ಪರವಾಗಿಲ್ಲ, ಮತ್ತೆ ಹೆಣೀತಾರೆ.

ಒರೆಗಾನ್‌ನ ಬ್ರಿಡ್ಜ್ ಕ್ರೀಕ್‌ನಲ್ಲಿ ಇಂಥವನ್ನು ನೂರಕ್ಕಿಂತ ಹೆಚ್ಚು ಹಾಕಿ, ಇನ್ನೊಂದು ಹೊಳೆಯ ಜೊತೆ ಹೋಲಿಸಿ ನೋಡಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯ್ತು. ಮನುಷ್ಯರು ಶುರು ಮಾಡಿದ ಕಟ್ಟೆಗಳ ಮೇಲೆ ಬೀವರ್‌ಗಳು ಬಂದು ತಮ್ಮ ಕೆಲಸ ಮುಂದುವರಿಸಿದವು. ಸ್ಟೀಲ್‌ಹೆಡ್ ಅನ್ನೋ ಮೀನಿನ ಮರಿಗಳು ಜಾಸ್ತಿಯಾದವು, ಜಾಸ್ತಿ ಬದುಕಿದವು. ಅಲ್ಲಿ ತೋಳದ ಪ್ರಶ್ನೆಯೇ ಇರಲಿಲ್ಲ.

ತೋಳಪ್ರಿಯ:
ಇದು ಚೆನ್ನಾಗಿದೆ. ಆದರೆ ಕಟ್ಟೆ ಕಟ್ಟಿದ ಮೇಲೆ ಎಲ್ಕ್ ಬಂದು ತಿಂದರೆ? ನಿಮ್ಮದೇ ಪ್ರಯೋಗದಲ್ಲಿ ಬರೀ ಕಟ್ಟೆ ಸಾಕಾಗಿಲ್ಲ. ಬೇಲಿಯೂ ಬೇಕಿತ್ತು. ಬೇಲಿ ಹಾಕೋಕಾಗದ ಕಡೆ ಬೇಲಿ ಕೆಲಸ ಮಾಡೋದು ಯಾರು? ಅಲ್ಲಿಗೆ ಮತ್ತೆ ತೋಳವೇ ಬರಬೇಕು, ಅಲ್ವಾ?

ಕಾಡುಹಾದಿ:
ಖಂಡಿತ. ಈ ಪಾಯಿಂಟ್ ನಿಮ್ಮದು. ನೀರು ಮತ್ತು ಬೇಟೆ ಎರಡೂ ಬೇಕು, ಒಂದೇ ಸಾಲದು ಅಂತ ಆ ನಾಲ್ಕು ಹೊಳೆಗಳೇ ಹೇಳ್ತಿವೆ.

ಆದರೆ ಮುಂದೆ ಇನ್ನೊಂದು ತಲೆನೋವು ಇದೆ: ಬೈಸನ್, ಅಂದರೆ ಅಮೆರಿಕದ ದೊಡ್ಡ ಕಾಡುದನ. ಎಲ್ಕ್ ಕಮ್ಮಿಯಾದ ಹೊತ್ತಿಗೆ ಉತ್ತರ ಭಾಗದಲ್ಲಿ ಬೈಸನ್ ಜಾಸ್ತಿಯಾದವು. ಪಾರ್ಕಿನಾಚೆ ಅವು ಹೆಚ್ಚು ದೂರ ಹೋಗೋಕೆ ಬಿಡಲ್ಲ, ದನಗಳಿಗೆ ರೋಗ ಹಬ್ಬುತ್ತೆ ಅಂತ ಭಯ. ತೋಳ ದೊಡ್ಡ ಬೈಸನ್ ತಂಟೆಗೆ ಹೋಗೋದು ಕಮ್ಮಿ, ಎಲ್ಕ್ ಸಿಗುವಾಗ ಯಾಕೆ ಹೋಗಬೇಕು? ಈ ಬೈಸನ್ ಹುಲ್ಲು ಮಾತ್ರ ತಿನ್ನಲ್ಲ, ವಿಲ್ಲೋ ಕೂಡ ಮೇಯುತ್ತದೆ, ಎಳೆ ಆಸ್ಪೆನ್ ಕಾಂಡಗಳನ್ನು ತಿಕ್ಕಿ, ಒರಗಿ ಮುರಿಯುತ್ತದೆ. 2 ಮೀಟರ್ ದಾಟಿದ್ರೆ ಗಿಡ ಬಚಾವ್ ಅನ್ನೋ ಲೆಕ್ಕ ಎಲ್ಕ್‌ಗೆ ಸರಿ. ಕಾಂಡವನ್ನೇ ಮುರಿದು ಕೆಡವೋ ಪ್ರಾಣಿಗೆ ಎಷ್ಟು ಮೀಟರ್?

ಲೆಕ್ಕದಮೇಷ್ಟ್ರು:
ಅದೇ ಹೊತ್ತಿಗೆ 2025ರ ಆಗಸ್ಟ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಗೆರೇಮಿಯಾ ಮತ್ತು ಜೊತೆಗಾರರ ಪೇಪರ್ ಬಂದಿದೆ. ವಲಸೆ ಹೋಗುವ ಬೈಸನ್ ಮೇಯ್ದ ಜಾಗದಲ್ಲಿ ಮಣ್ಣಿನ ಸಾರಜನಕದ ಓಡಾಟ ಚುರುಕಾಗಿದೆ, ಹುಲ್ಲಿನಲ್ಲಿ ಪ್ರೋಟೀನ್ ಜಾಸ್ತಿಯಾಗಿದೆ ಅಂತ. ಅಂದರೆ ಹುಲ್ಲುಗಾವಲಿಗೆ ಬೈಸನ್ ಒಳ್ಳೇದು, ಹೊಳೆದಂಡೆಯ ಮರಗಳಿಗೆ ತೊಂದರೆ. ಈ ಪ್ರಾಣಿಯನ್ನು ಯಾವ ಪಟ್ಟಿಗೆ ಹಾಕ್ತೀರಿ?

ಸುಮ್ನೆಓದುಗ:
ಇದಕ್ಕೂ ಐದು ನಿಮಿಷದ ವಿಡಿಯೋ ಬರುತ್ತೆ ನೋಡ್ತಿರಿ.

ವಿಜ್ಞಾನಟೀಚರ್:
ನಾನು ತೀರ್ಮಾನ ಮಾಡಿದೆ. ವಿಡಿಯೋ ತೋರಿಸ್ತೀನಿ, ಅರ್ಧಕ್ಕೆ ನಿಲ್ಲಿಸ್ತೀನಿ. ಬೋರ್ಡ್ ಮೇಲೆ ಹೊಳೆ ಬರೆದು ನಾಲ್ಕು ತುಂಡು ಮಾಡ್ತೀನಿ: ಬೇಲಿ, ಕಟ್ಟೆ, ಎರಡೂ, ಯಾವುದೂ ಇಲ್ಲ. 20 ವರ್ಷ ಆದ ಮೇಲೆ ಎಲ್ಲಿ ಗಿಡ ಎತ್ತರ ಇರುತ್ತೆ ಅಂತ ಮಕ್ಕಳ ಕೈಲೇ ಬರೆಸ್ತೀನಿ. ಆಮೇಲೆ ಫಲಿತಾಂಶ. ಮೇಷ್ಟ್ರೇ, ಆ ಐದು ಎತ್ತರದ ಕಾಂಡಗಳ ಲೆಕ್ಕವನ್ನು ಒಂದು ಚಟುವಟಿಕೆ ಮಾಡೋಕೆ ಆಗುತ್ತಾ?

ಲೆಕ್ಕದಮೇಷ್ಟ್ರು:
ಆಗುತ್ತೆ ಮೇಡಂ. 30 ಕಡ್ಡಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ. ಒಂದು ಗುಂಪಿಗೆ ಉದ್ದದ ಐದು ಆರಿಸಿ ಸರಾಸರಿ ತೆಗೆಯೋಕೆ ಹೇಳಿ. ಇನ್ನೊಂದು ಗುಂಪಿಗೆ ಕಣ್ಣು ಮುಚ್ಚಿ ಐದು ಎತ್ತಿಕೊಳ್ಳೋಕೆ ಹೇಳಿ, ಒಂದು ಸಲ ಅಲ್ಲ, ಹತ್ತು ಸಲ ಎತ್ತಿಸಿ. ಕಡ್ಡಿಗಳಲ್ಲಿ ಕೆಲವು ತೀರಾ ಗಿಡ್ಡ ಇರಲಿ, ಇಲ್ಲ ಅಂದ್ರೆ ವ್ಯತ್ಯಾಸ ಕಾಣಲ್ಲ.